ಒಂದು ರಾತ್ರಿ, ಒಬ್ಬ ಸಿಸ್ಟರ್, ಮೂವತ್ತು ರೋಗಿಗಳು: ಕರ್ತವ್ಯನಿಷ್ಠೆ ಬೆಳೆಯುವುದೆಲ್ಲಿ?

ನರ್ಸಿಂಗ್ ಕ್ಷೇತ್ರದ ಸುದ್ದಿಗಳನ್ನು ಒಟ್ಟಿಗೆ ಇಟ್ಟು ಓದಿದರೆ ತಲೆಬುಡ ತಿಳಿಯುವುದಿಲ್ಲ. ಜರ್ಮನಿಗೆ, ಜಪಾನಿಗೆ ನರ್ಸ್‌ಗಳು ಬೇಕಾಗಿದ್ದಾರೆ, ಭಾಷೆ ಕಲಿತರೆ ಕೆಲಸ ಸಿಗುತ್ತದೆ ಎಂಬ ಪ್ರಕಟಣೆ ಒಂದು ಕಡೆ. ಸೇವಾ ಭದ್ರತೆ ಕೊಡಿ ಎಂದು ಗುತ್ತಿಗೆ ನರ್ಸ್‌ಗಳು ಧರಣಿ ಕುಳಿತ ಚಿತ್ರ ಇನ್ನೊಂದು ಕಡೆ. ಆಸ್ಪತ್ರೆಗಳ ಆಡಳಿತ ಮಂಡಳಿಗಳು ಹೇಳುವುದೇ ಬೇರೆ: ಈಗಿನ ಮಕ್ಕಳಿಗೆ ಕೆಲಸದಲ್ಲಿ ನಿಷ್ಠೆ ಇಲ್ಲ, ಕಲಿಸಿ ಕೈಗೆ ಬರುವಷ್ಟರಲ್ಲಿ ಬಿಟ್ಟು ಹೋಗುತ್ತಾರೆ. ಇದರ ಜೊತೆಗೆ 2025ರ ನವೆಂಬರ್ 21ರಂದು ದೇಶದಲ್ಲಿ ಹಳೆಯ ಕಾರ್ಮಿಕ ಕಾಯ್ದೆಗಳ ಬದಲಿಗೆ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅದರಿಂದ ನರ್ಸ್‌ಗಳ ಬದುಕು ಬದಲಾಗುತ್ತದೆ ಎಂದು ಕೆಲವರು, ಏನೂ ಆಗುವುದಿಲ್ಲ ಎಂದು ಇನ್ನು ಕೆಲವರು ಹೇಳುತ್ತಿದ್ದಾರೆ.

ಹಾಗಾದರೆ ನಮ್ಮಲ್ಲಿ ನರ್ಸ್‌ಗಳ ಕೊರತೆ ಇದೆಯೇ, ಇಲ್ಲವೇ? ಕೊರತೆ ಇದ್ದರೆ ಸಂಬಳ ಏಕೆ ಏರುವುದಿಲ್ಲ? ಮಗಳನ್ನು ನರ್ಸಿಂಗ್‌ಗೆ ಸೇರಿಸಲು ಹೊರಟ ಹಾಸನದ ಅಥವಾ ಸಿಂಧನೂರಿನ ಅಪ್ಪ ಅಮ್ಮ ಯಾವ ಸುದ್ದಿಯನ್ನು ನಂಬಬೇಕು?

ಓದಿಸುವವರು ಬಹಳ, ಉಳಿಸಿಕೊಳ್ಳುವವರು ವಿರಳ

ಮೊದಲು ಲೆಕ್ಕ ನೋಡೋಣ. ಸಾವಿರ ಜನಸಂಖ್ಯೆಗೆ ಮೂವರು ನರ್ಸ್‌ಗಳಿರಬೇಕು ಎನ್ನುವುದು ಸಾಮಾನ್ಯವಾಗಿ ಉಲ್ಲೇಖವಾಗುವ ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡ. ಕೇಂದ್ರ ಸರ್ಕಾರ ಸಂಸತ್ತಿಗೆ ಕೊಡುತ್ತ ಬಂದಿರುವ ಅಂಕಿಗಳ ಪ್ರಕಾರ ಭಾರತದಲ್ಲಿರುವುದು ಸುಮಾರು ಇಬ್ಬರು. ಈ ಇಬ್ಬರೂ ನೋಂದಣಿ ಪುಸ್ತಕದಲ್ಲಿರುವ ಹೆಸರುಗಳು. ನಿವೃತ್ತರಾದವರು, ವಿದೇಶಕ್ಕೆ ಹೋದವರು, ಮದುವೆಯ ನಂತರ ಕೆಲಸ ಬಿಟ್ಟವರು, ತೀರಿಕೊಂಡವರ ಹೆಸರುಗಳೂ ನರ್ಸ್‌ಗಳನ್ನು ನೋಂದಾಯಿಸುವ ರಾಜ್ಯ ಮಂಡಳಿಗಳ ಪಟ್ಟಿಗಳಲ್ಲಿ ಉಳಿದುಬಿಡುತ್ತವೆ. ವಾರ್ಡ್‌ನಲ್ಲಿ ನಿಂತು ಕೆಲಸ ಮಾಡುವವರು ಅದಕ್ಕಿಂತ ಕಡಿಮೆ.

ಆದರೆ ಕಾಲೇಜುಗಳಿಗೆ ಬರವಿಲ್ಲ. ಅದರಲ್ಲೂ ಕರ್ನಾಟಕದಲ್ಲಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಐನೂರಕ್ಕೂ ಹೆಚ್ಚು ನರ್ಸಿಂಗ್ ಕಾಲೇಜುಗಳಿವೆ. ಬೆಂಗಳೂರು, ಮಂಗಳೂರು, ತುಮಕೂರುಗಳಿಗೆ ಕೇರಳದಿಂದ, ಈಶಾನ್ಯ ರಾಜ್ಯಗಳಿಂದ, ಬಂಗಾಳದಿಂದ ಮಕ್ಕಳು ಓದಲು ಬರುತ್ತಾರೆ. 2023ರಲ್ಲಿ ಕೇಂದ್ರ ಸಚಿವ ಸಂಪುಟ 157 ಹೊಸ ಸರ್ಕಾರಿ ನರ್ಸಿಂಗ್ ಕಾಲೇಜುಗಳಿಗೆ ಒಪ್ಪಿಗೆ ಕೊಟ್ಟಾಗ ಸರ್ಕಾರವೇ ಹೇಳಿದ ಮಾತು ಇದು: ದೇಶದ ನರ್ಸಿಂಗ್ ಸಂಸ್ಥೆಗಳಲ್ಲಿ 42% ದಕ್ಷಿಣದ ಐದೇ ರಾಜ್ಯಗಳಲ್ಲಿವೆ.

ಇಷ್ಟು ಜನ ಓದಿ ಹೊರಬಂದರೂ ಹಾಸಿಗೆಯ ಪಕ್ಕದಲ್ಲಿ ಯಾರೂ ಇರುವುದಿಲ್ಲ ಎಂದರೆ ನಡುವೆ ಎಲ್ಲೋ ಸೋರಿಕೆ ಇದೆ. ಮೊದಲ ಸೋರಿಕೆ ಕಾಲೇಜಿನಲ್ಲೇ ಆಗುತ್ತದೆ. ನರ್ಸಿಂಗ್ ರೋಗಿಯ ಮೈ ಮುಟ್ಟಿ ಕಲಿಯುವ ವಿದ್ಯೆ. ಅದಕ್ಕಾಗಿಯೇ ಕಾಲೇಜಿನ ಬೆನ್ನಿಗೆ ನೂರು ಹಾಸಿಗೆಗಳ ಸ್ವಂತ ಆಸ್ಪತ್ರೆ ಇರಬೇಕು ಎಂದು ಭಾರತೀಯ ನರ್ಸಿಂಗ್ ಪರಿಷತ್ತು ಹೇಳಿದ್ದು. ಈ ಷರತ್ತು ಕಾಗದದಲ್ಲಷ್ಟೇ ಪೂರೈಸಿದ ಕಡೆ, ನಾಲ್ಕು ವರ್ಷ ಓದಿದ ಹುಡುಗಿ ಮೊದಲ ಬಾರಿಗೆ ನಿಜವಾದ ಕೈಯ ನರಕ್ಕೆ ಸೂಜಿ ಹಾಕುವುದು ಕೆಲಸಕ್ಕೆ ಸೇರಿದ ಮೇಲೆಯೇ. ಎರಡನೆಯ ಸೋರಿಕೆ ಕೆಲಸಕ್ಕೆ ಸೇರಿದ ಮೊದಲ ಎರಡು ವರ್ಷಗಳಲ್ಲಿ ಆಗುತ್ತದೆ. ನಿಷ್ಠೆ ಇಲ್ಲ ಎಂಬ ದೂರು ಹುಟ್ಟುವುದು ಅಲ್ಲಿಂದ. ಆದ್ದರಿಂದ ಅದನ್ನು ಹತ್ತಿರದಿಂದ ನೋಡಬೇಕು.

ರಾತ್ರಿ ಹತ್ತು ಗಂಟೆಯ ಔಷಧ

ಮೂವತ್ತು ಹಾಸಿಗೆಗಳ ಸಾಮಾನ್ಯ ವಾರ್ಡ್. ರಾತ್ರಿ ಪಾಳಿಗೆ ಒಬ್ಬರೇ ಸಿಸ್ಟರ್. ನಮ್ಮ ಆಸ್ಪತ್ರೆಗಳಲ್ಲಿ ಇದು ಅಪರೂಪದ ದೃಶ್ಯವಲ್ಲ. ಹತ್ತು ಗಂಟೆಗೆ ಎಲ್ಲರಿಗೂ ಔಷಧ ಕೊಡಬೇಕು. ರೋಗಿಯ ಹೆಸರನ್ನು ಕೇಸ್ ಶೀಟ್‌ನೊಂದಿಗೆ ತಾಳೆ ನೋಡಬೇಕು, ಯಾವುದಾದರೂ ಔಷಧ ಮೈಗೆ ಆಗುವುದಿಲ್ಲವೇ ಎಂದು ಕೇಳಬೇಕು, ಇಂಜೆಕ್ಷನ್ ಪುಡಿಯನ್ನು ನೀರಿನಲ್ಲಿ ಕದಡಬೇಕು, ನಿಧಾನವಾಗಿ ಏರಿಸಬೇಕು, ಕೈ ಊದಿದೆಯೇ ನೋಡಬೇಕು, ಬರೆದಿಡಬೇಕು. ಚುರುಕಾಗಿ ಮಾಡಿದರೂ ಒಬ್ಬರಿಗೆ ಐದು ನಿಮಿಷ. ಮೂವತ್ತು ಜನಕ್ಕೆ 150 ನಿಮಿಷ. ಮೊದಲ ಹಾಸಿಗೆಯವರಿಗೆ ಹತ್ತಕ್ಕೆ ಸಿಕ್ಕ ಔಷಧ ಕೊನೆಯ ಹಾಸಿಗೆಯವರಿಗೆ ಸಿಗುವುದು ಹನ್ನೆರಡೂವರೆಗೆ. ಅದೂ ನಡುವೆ ಯಾರಿಗೂ ವಾಂತಿಯಾಗದೆ, ಯಾರಿಗೂ ಉಸಿರು ಕಟ್ಟದೆ, ಅಪಘಾತದ ಹೊಸ ರೋಗಿ ಬಾರದೆ ಇದ್ದರೆ.

ಕೈ ತೊಳೆಯುವುದನ್ನು ಸೇರಿಸಿ. ಆಲ್ಕೋಹಾಲ್ ದ್ರಾವಣದಿಂದ ಕೈ ಉಜ್ಜಿಕೊಳ್ಳಲು 20ರಿಂದ 30 ಸೆಕೆಂಡ್ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪ್ರತಿ ರೋಗಿಯನ್ನು ಮುಟ್ಟುವ ಮೊದಲೊಮ್ಮೆ, ಮುಟ್ಟಿದ ಮೇಲೊಮ್ಮೆ ಎಂದರೆ ಅರವತ್ತು ಬಾರಿ. ಇಷ್ಟಕ್ಕೇ 20ರಿಂದ 30 ನಿಮಿಷ ಹೋಯಿತು.

ಈಗ ಆ ಸಿಸ್ಟರ್ ಮುಂದೆ ಇರುವ ದಾರಿಗಳು ಎರಡೇ. ಎಲ್ಲವನ್ನೂ ಸರಿಯಾಗಿ ಮಾಡಿ, ಕೇಸ್ ಶೀಟ್‌ನಲ್ಲಿ ಹನ್ನೆರಡೂವರೆ ಎಂದು ನಿಜವನ್ನೇ ಬರೆದು, ಬೆಳಿಗ್ಗೆ ಡಾಕ್ಟರ್ ಬಂದಾಗ ಬೈಗುಳ ತಿನ್ನಬಹುದು. ಇಲ್ಲವೇ ಹೆಸರು ಕೇಳುವುದನ್ನು, ಕೈ ಉಜ್ಜುವುದನ್ನು ಬಿಟ್ಟು, ಕೊಟ್ಟದ್ದು ಯಾವಾಗಲೇ ಆದರೂ ಎಲ್ಲದರ ಮುಂದೆ ಹತ್ತು ಗಂಟೆ ಎಂದೇ ಬರೆಯಬಹುದು. ಮೊದಲ ವಾರ ಅವಳ ಕೈ ನಡುಗುತ್ತದೆ. ಮೂರನೆಯ ತಿಂಗಳಿಗೆ ಅಭ್ಯಾಸವಾಗುತ್ತದೆ. ಸುಳ್ಳು ಬರೆಯುವುದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಪಾಳಿಯ ಲೆಕ್ಕವೇ ಕಲಿಸಿಬಿಟ್ಟಿರುತ್ತದೆ.

ಕರ್ತವ್ಯನಿಷ್ಠೆಯ ಬಗ್ಗೆ ಮಾತನಾಡುವವರು ಈ ಜಾಗದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ನಿಷ್ಠೆಯನ್ನು ಹುಡುಗಿ ಮನೆಯಿಂದ ಪೂರ್ತಿಯಾಗಿ ಹೊತ್ತು ತರುವುದಿಲ್ಲ. ಪಕ್ಕದಲ್ಲಿ ಹದಿನೈದು ವರ್ಷ ಅನುಭವದ ಇನ್‌ಚಾರ್ಜ್ ಸಿಸ್ಟರ್ ಇದ್ದು, “ತಡವಾದರೆ ತಡವಾಯಿತೆಂದೇ ಬರೆಯಮ್ಮ, ಡಾಕ್ಟರಿಗೆ ನಾನು ಹೇಳುತ್ತೇನೆ” ಎಂದಾಗ ಅದು ಬೇರು ಬಿಡುತ್ತದೆ. ಅಂಥವರು ಆಸ್ಪತ್ರೆಯಲ್ಲಿ ಉಳಿದಿಲ್ಲದಿದ್ದರೆ ಒಂದು ವರ್ಷದ ಅನುಭವದವರು ಹೊಸಬರಿಗೆ ಕಲಿಸುತ್ತಾರೆ. ಅವರು ಕಲಿಸುವುದು ತಮಗೆ ಗೊತ್ತಿರುವ ಅಡ್ಡದಾರಿಗಳನ್ನು. ಹಿರಿಯರು ಬಿಟ್ಟುಹೋದ ಆಸ್ಪತ್ರೆಯಲ್ಲಿ ನಿಷ್ಠೆ ಕಡಿಮೆಯಾಗುವುದು ಹೀಗೆ. ಕಡಿಮೆಯಾದ ಮೇಲೆ ಕೆಲಸ ಅಸಹ್ಯವೆನಿಸಿ ಇನ್ನಷ್ಟು ಜನ ಬಿಡುತ್ತಾರೆ.

ನಷ್ಟ ರೋಗಿಯದು. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಗಳ ಶಸ್ತ್ರಚಿಕಿತ್ಸೆಯ ರೋಗಿಗಳನ್ನು ಅಧ್ಯಯನ ಮಾಡಿ ನರ್ಸಿಂಗ್ ಸಂಶೋಧಕಿ ಲಿಂಡಾ ಏಕೆನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಲೆಕ್ಕ ಜಗತ್ತಿನಾದ್ಯಂತ ಉಲ್ಲೇಖವಾಗುತ್ತದೆ. ನರ್ಸ್ ಒಬ್ಬರ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ, ಮೂವತ್ತು ದಿನಗಳೊಳಗೆ ರೋಗಿ ಸಾಯುವ ಸಂಭವ 7% ಹೆಚ್ಚುತ್ತದೆ. 2014ರಲ್ಲಿ ಯುರೋಪಿನ ಒಂಬತ್ತು ದೇಶಗಳಲ್ಲಿ ನೋಡಿದಾಗಲೂ ಅದೇ 7% ಬಂತು.

ನಮ್ಮಲ್ಲಿ ಈ ಕೊರತೆಯನ್ನು ತುಂಬುವವರು ರೋಗಿಯ ಕಡೆಯವರು. “ಸಿಸ್ಟರ್, ಡ್ರಿಪ್ ಮುಗೀತು” ಎಂದು ನಡುರಾತ್ರಿ ಕಾರಿಡಾರ್‌ನಲ್ಲಿ ಓಡುವ ತಮ್ಮ, ಬಾಟಲಿಯ ಕೊನೆಯ ಹನಿಗಳನ್ನು ಎಣಿಸುತ್ತ ನಿದ್ದೆಗೆಟ್ಟು ಕುಳಿತ ಹೆಂಡತಿ. ಸಂಬಳವಿಲ್ಲದ, ತರಬೇತಿಯಿಲ್ಲದ ಇವರ ಮೇಲೆ ನಮ್ಮ ವಾರ್ಡ್‌ಗಳು ನಡೆಯುತ್ತಿವೆ. ಸಂಗಡ ಯಾರೂ ಇಲ್ಲದ ರೋಗಿಯ ಪಾಡನ್ನು ಊಹಿಸಬಹುದು.

ನಿಯಮ ಇದೆ, ಬಲವಿಲ್ಲ

ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಂತೆ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡ್‌ನಲ್ಲಿ ಮೂವರು ರೋಗಿಗಳಿಗೆ, ಇತರ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬ ನರ್ಸ್ ಇರಬೇಕು. ಐಸಿಯುನಲ್ಲಿ ಒಬ್ಬರಿಗೆ ಒಬ್ಬರು. ಐವರಿಗೊಬ್ಬರು ಎಂಬುದನ್ನು ಮೂರು ಪಾಳಿಗಳಿಗೆ ಹಂಚಿ ಲೆಕ್ಕ ಹಾಕಿದರೂ ಒಬ್ಬರ ಪಾಲಿಗೆ ಹದಿನೈದು ರೋಗಿಗಳು ಬರಬೇಕು, ಮೂವತ್ತು ಅಲ್ಲ. ಆದರೆ ಮಾನದಂಡ ಮೀರಿದ ಆಸ್ಪತ್ರೆಗೆ ದಂಡ ಹಾಕುವ ಅಧಿಕಾರ ಪರಿಷತ್ತಿಗಿಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಹಲವು ಸರ್ಕಾರಿ ಆಸ್ಪತ್ರೆಗಳ ವಾರ್ಡ್‌ಗಳಲ್ಲಿ 2016ರಿಂದ ಇದು ಕಾನೂನು: ಹಗಲು ನಾಲ್ವರಿಗೆ ಒಬ್ಬರು, ರಾತ್ರಿ ಏಳು ಜನಕ್ಕೆ ಒಬ್ಬರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2004ರಿಂದಲೇ ಇಂಥ ಮಿತಿ ಇದೆ.

ಮಾಲೀಕರ ಮಾತನ್ನೂ ಕೇಳಬೇಕು

ಖಾಸಗಿ ಆಸ್ಪತ್ರೆಗಳವರು ಹೇಳುವುದರಲ್ಲಿ ಹುರುಳಿಲ್ಲವೆಂದಲ್ಲ. ತಾಲ್ಲೂಕು ಊರಿನ ಮೂವತ್ತು ಹಾಸಿಗೆಯ ನರ್ಸಿಂಗ್ ಹೋಮ್ ಬೆಂಗಳೂರಿನ ಕಾರ್ಪೊರೇಟ್ ಆಸ್ಪತ್ರೆಯಷ್ಟು ಸಂಬಳ ಕೊಟ್ಟರೆ ಬಾಗಿಲು ಹಾಕಬೇಕಾಗುತ್ತದೆ. ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಒಂದು ಚಿಕಿತ್ಸೆಗೆ ಇಷ್ಟೇ ಎಂದು ದರ ಗೊತ್ತಾಗಿರುತ್ತದೆ. ನರ್ಸ್‌ಗಳ ಸಂಬಳ ಏರಿತೆಂದು ಆ ದರ ತಾನಾಗಿ ಏರುವುದಿಲ್ಲ. ಕೊಲ್ಲಿ ದೇಶಗಳ ಆಸ್ಪತ್ರೆಗಳು ಸಾಮಾನ್ಯವಾಗಿ ಎರಡು ವರ್ಷದ ಅನುಭವ ಕೇಳುತ್ತವೆ. ಆ ಅನುಭವ ಪತ್ರ ಕೈಗೆ ಬರುವ ದಿನವೇ ಸಿಸ್ಟರ್ ರಾಜೀನಾಮೆ ಕೊಡುತ್ತಾರೆ, ಕಲಿಸಿದ ಶ್ರಮ ನಮ್ಮದು, ಫಲ ದುಬೈಯದು ಎನ್ನುವುದು ಅವರ ಸಂಕಟ.

ಇದಕ್ಕೆ ಕೆಲವರು ಕಂಡುಕೊಂಡ ಉಪಾಯ ಬಾಂಡ್ ಬರೆಸಿಕೊಳ್ಳುವುದು, ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳುವುದು. ಇದು ತಪ್ಪು, ಸ್ಪಷ್ಟವಾಗಿ ತಪ್ಪು. ಪ್ರಮಾಣಪತ್ರವನ್ನು ಬೀರುವಿನಲ್ಲಿ ಬೀಗ ಹಾಕಿ ಇಟ್ಟುಕೊಂಡವರಿಗೆ ದುಡಿಯುವ ಎರಡು ಕೈ ಸಿಗಬಹುದು, ಮನಸ್ಸು ಸಿಗುವುದಿಲ್ಲ. ರಾತ್ರಿ ಹನ್ನೆರಡೂವರೆಗೆ ನಿಜ ಬರೆಯಬೇಕೆಂಬ ಹಟ ಅಂಥ ಕಡೆ ಹುಟ್ಟುವುದಾದರೂ ಹೇಗೆ?

ಹೆಚ್ಚು ನರ್ಸ್‌ಗಳನ್ನು ಇಟ್ಟುಕೊಂಡರೆ ಖರ್ಚು ಹೆಚ್ಚು ಎಂಬ ವಾದಕ್ಕೆ ಕ್ವೀನ್ಸ್‌ಲ್ಯಾಂಡ್‌ನಿಂದ ಉತ್ತರ ಬಂದಿದೆ. 2021ರಲ್ಲಿ ಪ್ರಕಟವಾದ ಅಧ್ಯಯನದಂತೆ, ರೋಗಿಗಳು ಬೇಗ ಗುಣವಾಗಿ ಮನೆಗೆ ಹೋದದ್ದರಿಂದ ಮತ್ತು ಮರಳಿ ದಾಖಲಾಗುವುದು ತಪ್ಪಿದ್ದರಿಂದ ಉಳಿದ ಹಣ, ಹೆಚ್ಚುವರಿ ನರ್ಸ್‌ಗಳ ಸಂಬಳದ ಎರಡರಷ್ಟಕ್ಕಿಂತ ಹೆಚ್ಚಾಗಿತ್ತು. ಆದರೆ ಅಲ್ಲಿ ಸಂಬಳ ಕೊಡುವುದೂ ಉಳಿತಾಯ ಪಡೆಯುವುದೂ ಒಂದೇ ಸಾರ್ವಜನಿಕ ವ್ಯವಸ್ಥೆ. ನಮ್ಮ ಖಾಸಗಿ ಆಸ್ಪತ್ರೆಯಲ್ಲಿ ಸಂಬಳ ಕೊಡುವವರು ಮಾಲೀಕರು, ರೋಗಿ ಬೇಗ ಮನೆಗೆ ಹೋದರೆ ಹಣ ಉಳಿಯುವುದು ರೋಗಿಗೆ ಅಥವಾ ವಿಮೆಗೆ. ಹಾಸಿಗೆಯ ಬಾಡಿಗೆಯ ಮೇಲೆ ನಡೆಯುವ ಆಸ್ಪತ್ರೆಗೆ ಇದರಲ್ಲಿ ಲಾಭ ಕಾಣುವುದಿಲ್ಲ. ಮಾರುಕಟ್ಟೆ ಈ ಸಮಸ್ಯೆಯನ್ನು ತಾನೇ ಸರಿಪಡಿಸಿಕೊಳ್ಳುತ್ತದೆ ಎಂದು ಕಾಯುವುದು ವ್ಯರ್ಥ ಎನ್ನುವುದಕ್ಕೆ ಕಾರಣ ಇದೇ. ಕೊರತೆ ಇದ್ದೂ ಸಂಬಳ ಏರದ ಗುಟ್ಟೂ ಇಲ್ಲೇ ಇದೆ: ಕೊರತೆಯ ಬೆಲೆಯನ್ನು ಆಸ್ಪತ್ರೆ ತೆರುವುದಿಲ್ಲ, ರೋಗಿ ತೆರುತ್ತಾನೆ.

ಒಂದೇ ವಾರ್ಡ್, ಬೇರೆ ಬೇರೆ ಸಂಬಳ

ಸರ್ಕಾರಿ ಆಸ್ಪತ್ರೆಗಳಲ್ಲಿ ಸಮಸ್ಯೆಯ ಮುಖ ಬೇರೆ. ಏಮ್ಸ್‌ನಂಥ ಕೇಂದ್ರ ಸಂಸ್ಥೆಗಳಲ್ಲಿ ಕಾಯಂ ನರ್ಸಿಂಗ್ ಆಫೀಸರ್ ಮೂಲವೇತನ ಏಳನೇ ವೇತನ ಆಯೋಗದ ಶ್ರೇಣಿಯಲ್ಲಿ 44,900 ರೂಪಾಯಿಯಿಂದ ಶುರುವಾಗುತ್ತದೆ. ಪರೀಕ್ಷೆಗೆ ಸಾವಿರಾರು ಜನ ಮುಗಿಬೀಳುವುದು ಅದಕ್ಕೇ. ರಾಜ್ಯಗಳಲ್ಲಿ ರಾಷ್ಟ್ರೀಯ ಆರೋಗ್ಯ ಅಭಿಯಾನದ ಅಡಿಯಲ್ಲಿ ದುಡಿಯುವ ಗುತ್ತಿಗೆ ನರ್ಸ್‌ಗಳು ಅದೇ ಹೆರಿಗೆ ಕೋಣೆಯಲ್ಲಿ, ಅದೇ ನವಜಾತ ಶಿಶು ಘಟಕದಲ್ಲಿ, ಕಾಯಂ ಸಿಸ್ಟರ್ ಪಕ್ಕದಲ್ಲೇ ನಿಂತು ಅದೇ ಕೆಲಸ ಮಾಡಿ ಅವರ ಸಂಬಳದ ಒಂದು ಭಾಗ ಮಾತ್ರ ಪಡೆಯುತ್ತಾರೆ. 2023ರ ಫೆಬ್ರುವರಿಯಲ್ಲಿ ಈ ಅಭಿಯಾನದ ನೌಕರರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕುಳಿತದ್ದು ಈ ಕಾರಣಕ್ಕೆ.

ಕಾಯಂ ಮಾಡಲು ಏಕೆ ಆಗುವುದಿಲ್ಲ? ಸರ್ಕಾರಗಳು ತೋರಿಸುವ ತೀರ್ಪು ಕರ್ನಾಟಕದ್ದೇ. ಉಮಾದೇವಿ ಪ್ರಕರಣದಲ್ಲಿ 2006ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ, ನಿಯಮಬದ್ಧ ಆಯ್ಕೆಯಿಲ್ಲದೆ ತಾತ್ಕಾಲಿಕವಾಗಿ ಸೇರಿದವರಿಗೆ ಕಾಯಂ ಆಗುವ ಹಕ್ಕಿಲ್ಲ ಎಂದಿತು. ಹಿಂಬಾಗಿಲ ನೇಮಕಾತಿಯನ್ನು ತಡೆಯುವುದು ಅದರ ಉದ್ದೇಶವಾಗಿತ್ತು. ಆಗಿದ್ದು ಬೇರೆಯೇ. ಕಾಯಂ ಹುದ್ದೆ ತುಂಬದೆ ವರ್ಷಗಟ್ಟಲೆ ಗುತ್ತಿಗೆಯಲ್ಲಿ ದುಡಿಸಿಕೊಳ್ಳಲು ಆ ತೀರ್ಪೇ ನೆಪವಾಯಿತು. 2016ರಲ್ಲಿ ಜಗಜಿತ್ ಸಿಂಗ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಸಮಾನ ಕೆಲಸಕ್ಕೆ ಸಮಾನ ವೇತನ ತಾತ್ಕಾಲಿಕ ನೌಕರರಿಗೂ ಸಲ್ಲಬೇಕೆಂದಿತು. 2024ರ ಡಿಸೆಂಬರ್‌ನಲ್ಲಿ ಜಗ್ಗೋ ಪ್ರಕರಣದಲ್ಲಿ, ದೀರ್ಘಕಾಲದ ನಿರಂತರ ದುಡಿಮೆಯನ್ನು ತಳ್ಳಿಹಾಕಲು ಉಮಾದೇವಿ ತೀರ್ಪನ್ನು ಗುರಾಣಿಯಾಗಿ ಬಳಸಬಾರದು ಎಂಬ ಧಾಟಿಯಲ್ಲಿ ಎಚ್ಚರಿಸಿತು. ಕಾನೂನಿನ ಗಾಳಿ ನಿಧಾನವಾಗಿ ದಿಕ್ಕು ಬದಲಿಸುತ್ತಿದೆ. ಆದರೆ ಪ್ರತಿಯೊಬ್ಬರೂ ಕೋರ್ಟ್ ಮೆಟ್ಟಿಲು ಹತ್ತಿಯೇ ಪಡೆಯಬೇಕಾದ ನ್ಯಾಯ ವಾರ್ಡ್‌ಗೆ ತಲುಪುವಾಗ ತಡವಾಗಿರುತ್ತದೆ.

ಕೇರಳದಲ್ಲಿ ಆದದ್ದು

2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಸೂಚನೆಯ ಮೇರೆಗೆ ಕೇಂದ್ರ ರಚಿಸಿದ ಸಮಿತಿ ಖಾಸಗಿ ನರ್ಸ್‌ಗಳ ಸಂಬಳಕ್ಕೆ ಶಿಫಾರಸು ಮಾಡಿತು. 200ಕ್ಕಿಂತ ಹೆಚ್ಚು ಹಾಸಿಗೆಗಳಿದ್ದರೆ ರಾಜ್ಯ ಸರ್ಕಾರಿ ನರ್ಸ್‌ಗಳಿಗೆ ಸಮನಾದ ಸಂಬಳ, 50ಕ್ಕಿಂತ ಕಡಿಮೆ ಇದ್ದರೆ ಕನಿಷ್ಠ 20,000 ರೂಪಾಯಿ. ಜಾರಿ ರಾಜ್ಯಗಳಿಗೆ ಬಿಟ್ಟದ್ದರಿಂದ ಬಹುತೇಕ ಕಡೆ ಇದು ಕಡತದಲ್ಲೇ ಉಳಿಯಿತು. ಕೇರಳದಲ್ಲಿ ಮಾತ್ರ ನರ್ಸ್‌ಗಳ ಸಂಘಟನೆ 2017ರಲ್ಲಿ ಬೀದಿಗಿಳಿಯಿತು, 2018ರ ಏಪ್ರಿಲ್‌ನಲ್ಲಿ ಸರ್ಕಾರ 20,000 ರೂಪಾಯಿ ಕನಿಷ್ಠ ವೇತನದ ಅಧಿಸೂಚನೆ ಹೊರಡಿಸಿತು.

ಕೇರಳದಿಂದ ವಲಸೆ ನಿಂತಿತೇ? ಇಲ್ಲ. ಇದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಜರ್ಮನಿಯ ಸಂಬಳದೊಂದಿಗೆ ಪೈಪೋಟಿ ನಡೆಸಲು ಯಾವ ರಾಜ್ಯಕ್ಕೂ ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2023ರಲ್ಲಿ ಜಗತ್ತಿಗೆ 58 ಲಕ್ಷ ನರ್ಸ್‌ಗಳ ಕೊರತೆ ಇತ್ತು. ಕರೆಯುವವರು ಕರೆಯುತ್ತಲೇ ಇರುತ್ತಾರೆ. ಹೋಗುವ ಹಕ್ಕೂ ಅವರಿಗಿದೆ. ಸಾಲ ಮಾಡಿ ಓದಿಸಿದ ಮನೆಯ ಹೊರೆ ಇಳಿಸಲು ಹೊರಟ ಹುಡುಗಿಯನ್ನು ದೇಶಭಕ್ತಿಯ ಹೆಸರಿನಲ್ಲಿ ಹಳಿಯುವುದು ಕ್ರೌರ್ಯ. ಪ್ರಶ್ನೆ ಇರುವುದು ಇಲ್ಲೇ ಇರಲು ಬಯಸುವವರ ಬಗ್ಗೆ. ಅಪ್ಪ ಅಮ್ಮನನ್ನು ನೋಡಿಕೊಳ್ಳಬೇಕೆನ್ನುವವರು, ಸ್ವಂತ ಊರಿನ ಆಸ್ಪತ್ರೆಯಲ್ಲಿ ತಮ್ಮ ಮಾತಿನಲ್ಲೇ ರೋಗಿಯೊಂದಿಗೆ ಮಾತನಾಡಬಲ್ಲವರು ಬಹಳ ಜನರಿದ್ದಾರೆ. ಅವರೂ ಬಿಡುತ್ತಿದ್ದಾರೆ, ಕೆಲವರು ವೃತ್ತಿಯನ್ನೇ.

ಹೊಸ ಸಂಹಿತೆಗಳಿಂದ ಸಿಗುವುದು, ಸಿಗದಿರುವುದು

ಹೊಸ ಕಾರ್ಮಿಕ ಸಂಹಿತೆಗಳ ಪ್ರಕಾರ ನೇಮಕಾತಿ ಪತ್ರ ಕಡ್ಡಾಯ. ಹೆಚ್ಚುವರಿ ಅವಧಿಯ ದುಡಿಮೆಗೆ ಎರಡರಷ್ಟು ವೇತನ. ನಿಗದಿತ ಅವಧಿಗೆ ನೇಮಕವಾದವರಿಗೆ ಐದು ವರ್ಷದ ಬದಲು ಒಂದೇ ವರ್ಷಕ್ಕೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸಿಗುವ ಇಡಿಗಂಟು. ಬಾಯಿಮಾತಿನ ಮೇಲೆ ಕೆಲಸಕ್ಕೆ ಸೇರಿ, ಬಿಡುವಾಗ ಅನುಭವ ಪತ್ರಕ್ಕಾಗಿ ಅಂಗಲಾಚುವ ನರ್ಸ್‌ಗಳಿಗೆ ಮೊದಲ ಅಂಶವೇ ದೊಡ್ಡ ಆಸರೆ. ಪಾಳಿ ಮುಗಿದರೂ ಬದಲಿಯವರು ಬಂದಿಲ್ಲವೆಂದು ಇನ್ನೊಂದು ಪಾಳಿಗೆ ನಿಲ್ಲಿಸಿಕೊಂಡರೆ ಅದಕ್ಕೆ ಬೆಲೆ ಕೊಡಬೇಕಾಗುತ್ತದೆ. ಎಷ್ಟರ ಮಟ್ಟಿಗೆ ಎಂಬುದು ರಾಜ್ಯದ ನಿಯಮಗಳನ್ನೂ ತಪಾಸಣೆಯನ್ನೂ ಅವಲಂಬಿಸಿದೆ.

ಆದರೆ ಒಬ್ಬ ನರ್ಸ್ ಎಷ್ಟು ರೋಗಿಗಳನ್ನು ನೋಡಬೇಕು ಎಂಬ ಬಗ್ಗೆ ಸಂಹಿತೆಗಳು ಏನನ್ನೂ ಹೇಳುವುದಿಲ್ಲ. ಮೂವತ್ತು ಹಾಸಿಗೆಗಳ ವಾರ್ಡ್‌ಗೆ ನೇಮಕಾತಿ ಪತ್ರ ಪಡೆದ ಒಬ್ಬರನ್ನೇ ಇಟ್ಟರೂ ಸಂಹಿತೆಯ ಉಲ್ಲಂಘನೆಯಾಗುವುದಿಲ್ಲ. 1947ರ ನರ್ಸಿಂಗ್ ಪರಿಷತ್ ಕಾಯ್ದೆಯ ಜಾಗಕ್ಕೆ ತರಲಾದ 2023ರ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗ ಕಾಯ್ದೆಯ ಒತ್ತು ಕೂಡ ಶಿಕ್ಷಣ ಮತ್ತು ನೋಂದಣಿಯ ಮೇಲೆ. ಎರಡು ಕಾನೂನುಗಳ ನಡುವಿನ ಈ ಖಾಲಿ ಜಾಗವನ್ನು ರಾಜ್ಯವೇ ತುಂಬಬಹುದು. ಆರೋಗ್ಯ ರಾಜ್ಯದ ವಿಷಯ. ಖಾಸಗಿ ವೈದ್ಯಕೀಯ ಸಂಸ್ಥೆಗಳ ನೋಂದಣಿಗೆ ಕರ್ನಾಟಕದಲ್ಲಿ 2007ರ ಕಾಯ್ದೆ ಇದೆ. ನೋಂದಣಿ ನವೀಕರಿಸುವಾಗ ಪಾಳಿವಾರು ನರ್ಸ್‌ಗಳ ಪಟ್ಟಿಯನ್ನು ಕೇಳಿ ವಾರ್ಡ್‌ನ ಬಾಗಿಲ ಮೇಲೆ ಅಂಟಿಸಲು ಹೇಳಿದರೂ ಅರ್ಧ ದಾರಿ ಸವೆಯುತ್ತದೆ, ಏಕೆಂದರೆ ಆ ಸಂಖ್ಯೆ ಇಂದು ರೋಗಿಯ ಕಡೆಯವರಿಗೆ ಗೊತ್ತೇ ಇರುವುದಿಲ್ಲ.

ಮೂವತ್ತು ವರ್ಷ ಉಳಿಯುವವರು

ಈಗ ಅಪ್ಪ ಅಮ್ಮನ ಪ್ರಶ್ನೆಗೆ ಬರೋಣ. ಮಗಳನ್ನು, ಮಗನನ್ನು ನರ್ಸಿಂಗ್‌ಗೆ ಸೇರಿಸಬಹುದೇ? ಸೇರಿಸಬಹುದು. ಬೇಡಿಕೆ ನಿಜ. ಆದರೆ ಈ ವೃತ್ತಿಯಲ್ಲಿ ಬಹುಕಾಲ ಉಳಿಯುವುದು ಮೊದಲ ಎರಡು ವರ್ಷ ಎಲ್ಲಿ ಕಳೆದರು ಎಂಬುದರ ಮೇಲೆ ನಿಂತಿದೆ. ಎರಡು ಸಾವಿರ ರೂಪಾಯಿ ಹೆಚ್ಚು ಸಿಗುವ, ಆದರೆ ಹಿರಿಯರೇ ಇಲ್ಲದ ಆಸ್ಪತ್ರೆಗಿಂತ, ರೋಗಿಗಳು ತುಂಬಿರುವ, ಪ್ರಶ್ನೆ ಕೇಳಿದರೆ ಸಿಡುಕದ ಇನ್‌ಚಾರ್ಜ್ ಸಿಸ್ಟರ್ ಇರುವ ಬೋಧನಾ ಆಸ್ಪತ್ರೆ ಲೇಸು.

ಸಾಮಾನ್ಯ ವಾರ್ಡ್‌ನಲ್ಲೇ ಹತ್ತು ವರ್ಷ ಕಳೆದವರ ಬೆನ್ನು ನೋವು ಹೆಚ್ಚುತ್ತದೆ, ಸಂಬಳ ಹೆಚ್ಚುವುದಿಲ್ಲ. ಒಂದು ವಿಶೇಷ ವಿದ್ಯೆ ಕೈಗೆ ಬಂದವರು ಉಳಿಯುತ್ತಾರೆ. ಡಯಾಲಿಸಿಸ್, ನವಜಾತ ಶಿಶು ಆರೈಕೆ, ಕ್ಯಾನ್ಸರ್ ಶುಶ್ರೂಷೆ, ಸೋಂಕು ನಿಯಂತ್ರಣ ಇಂಥವು. ತೀವ್ರ ನಿಗಾ ಘಟಕದಲ್ಲಿ ಚಿಕಿತ್ಸೆಯ ಕೆಲವು ನಿರ್ಧಾರಗಳನ್ನೂ ಕೈಗೊಳ್ಳಬಲ್ಲ ನರ್ಸ್ ಪ್ರಾಕ್ಟೀಷನರ್ ಎಂಬ ಎರಡು ವರ್ಷದ ಸ್ನಾತಕೋತ್ತರ ಕೋರ್ಸ್ ಕೂಡ ಬಂದಿದೆ. ಆದರೆ ಅದನ್ನು ಓದಿದವರಿಗೆಂದೇ ಹುದ್ದೆ, ಅಧಿಕಾರ, ಸಂಬಳ ಎಲ್ಲ ಕಡೆ ಇನ್ನೂ ಸೃಷ್ಟಿಯಾಗಿಲ್ಲ. ಓದಿ ಬಂದವರನ್ನು ಮತ್ತೆ ಅದೇ ಪಾಳಿಪಟ್ಟಿಗೆ ಹಾಕಿದರೆ ಅವರು ಬಿಡದೆ ಏನು ಮಾಡಿಯಾರು? ಸ್ಟಾಫ್ ನರ್ಸ್ ಎಂಬ ಹೆಸರು ಹೋಗಿ ಶುಶ್ರೂಷಾಧಿಕಾರಿ ಎಂಬ ಹೆಸರು ಬಂದದ್ದು ಸಂತೋಷವೇ. ಆದರೆ ಹೆಸರಿನ ಮೇಲೇರುವ ಮೆಟ್ಟಿಲುಗಳು ಸೂಪರಿಂಟೆಂಡೆಂಟ್‌ವರೆಗೆ ಬೆರಳೆಣಿಕೆಯಷ್ಟು, ಹತ್ತುವ ಹೊತ್ತಿಗೆ ನಿವೃತ್ತಿ ಹತ್ತಿರವಾಗಿರುತ್ತದೆ. ಆಡಳಿತದ ಕುರ್ಚಿಗೆ ಹೋಗದೆ ಹಾಸಿಗೆಯ ಪಕ್ಕದಲ್ಲೇ ಉಳಿದು ಹಿರಿಯರಾಗುವವರಿಗೆ ಸಂಬಳದ ಏಣಿ ಬೇಕು. ಕಿರಿಯರಿಗೆ ಕೆಲಸ ಕಲಿಸುವ ಹೊಣೆಯನ್ನು ಅವರಿಗೆ ಒಪ್ಪಿಸಿ, ಅದಕ್ಕೆ ಪಾಳಿಯಲ್ಲಿ ಸಮಯ ಬಿಟ್ಟುಕೊಡಬೇಕು.

ಸರ್ಕಾರ, ಆಸ್ಪತ್ರೆಗಳು ಇದನ್ನೆಲ್ಲ ಮಾಡುವವರೆಗೆ ಹೊಸದಾಗಿ ಕೆಲಸಕ್ಕೆ ಹೋಗುವವರು ಸಂದರ್ಶನದಲ್ಲಿ ಸಂಬಳದ ಜೊತೆಗೆ ಇನ್ನೂ ನಾಲ್ಕು ಮಾತು ಕೇಳಿಕೊಳ್ಳಬೇಕು. ನೇಮಕಾತಿ ಪತ್ರ ಯಾವ ದಿನ ಕೈಗೆ ಸಿಗುತ್ತದೆ? ಮೂಲ ಪ್ರಮಾಣಪತ್ರಗಳನ್ನು ನೋಡಿ ಅಂದೇ ಹಿಂದಿರುಗಿಸುತ್ತಾರೆಯೇ? ಮೊದಲ ಮೂರು ತಿಂಗಳು ಪಕ್ಕದಲ್ಲಿ ಯಾರಿರುತ್ತಾರೆ, ಅವರು ಆ ವಾರ್ಡ್‌ಗೆ ಬಂದು ಎಷ್ಟು ವರ್ಷವಾಯಿತು? ರಾತ್ರಿ ಪಾಳಿಯಲ್ಲಿ ಒಬ್ಬರಿಗೆ ಎಷ್ಟು ಹಾಸಿಗೆ?